ಮಗಳ ಕಾಲಿಗೆ ಅರದಣ್ಣ ಮಾಡಿಕೊಟ್ಟದ್ದು

ಬೀದಿಯವರೆಲ್ಲ ಅವರನ್ನು ಅರದಣ್ಣ ಎಂದೇ ಕರೆಯುತ್ತಿದ್ದರು. ಸಂಜೆಯಾದರೆ ಸಾಕು, ಅವರ ಮನೆಯ ಹಿಂದಿನ ತಗಡಿನ ಶೆಡ್ಡಿನಿಂದ ಕಬ್ಬಿಣದ ಮೇಲೆ ಅರ ಆಡಿಸುವ ಕರಕರ ಸದ್ದು ಶುರುವಾಗುತ್ತಿತ್ತು. ಆ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲು ಹಲ್ಲು ಕಡಿಯುತ್ತಿದ್ದರು, ಆಮೇಲೆ ಜಗಳಕ್ಕೆಂದು ಬರುತ್ತಿದ್ದರು, ಕೊನೆಗೆ ಮುರಿದ ಚಿಲಕವೊಂದನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು.

ಹಗಲು ಅವರ ಕೆಲಸವೇ ಬೇರೆ. ಪೇಟೆಯ ಬಟ್ಟೆ ಅಂಗಡಿಯಲ್ಲಿ ಪರದೆ ಬಟ್ಟೆ ಅಳೆದು ಕತ್ತರಿಸಿ ಕೊಡುವುದು. ಕತ್ತರಿ ಅವರ ಕೈಯಲ್ಲಿ ನೀರಿನಂತೆ ಹರಿಯುತ್ತಿತ್ತು, ಆದರೂ ಬಟ್ಟೆಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. "ಬಟ್ಟೆ ಎಳೆದ್ರೆ ಹಿಗ್ಗುತ್ತೆ, ಬಿಟ್ರೆ ಕುಗ್ಗುತ್ತೆ. ಕಬ್ಬಿಣ ಹಂಗಲ್ಲ, ಹೇಳಿದ ಮಾತಿಗೆ ನಿಲ್ಲುತ್ತೆ" ಎನ್ನುತ್ತಿದ್ದರು. ಶೆಡ್ಡಿನಲ್ಲಿ ಹಳೆಯ ಬಾಗಿಲೊಂದನ್ನು ಮಲಗಿಸಿ ಮೇಜು ಮಾಡಿಕೊಂಡು, ಅದರ ತುದಿಗೆ ಕಬ್ಬಿಣ ಕಚ್ಚಿ ಹಿಡಿಯುವ ವೈಸ್ ಬಿಗಿದಿದ್ದರು. ಗೋಡೆಗೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಅರಗಳು. ಮೂಲೆಯಲ್ಲಿ, ಮುಚ್ಚಿಹೋದ ಕಾರ್ಖಾನೆಯೊಂದರ ಗುಜರಿಯಿಂದ ತಂದು ತಾವೇ ಬಿಚ್ಚಿ, ತೊಳೆದು, ಜೀವ ಬರಿಸಿದ, ಕಬ್ಬಿಣ ಕಡೆಯುವ ಪುಟ್ಟ ಲೇತ್. ಅದನ್ನು ಚಾಲೂ ಮಾಡಿದೊಡನೆ ಮನೆಯ ದೀಪಗಳೆಲ್ಲ ಮಂಕಾಗುತ್ತಿದ್ದವು. ಅಡುಗೆಮನೆಯಿಂದ ಹೆಂಡತಿ ಕೂಗುತ್ತಿದ್ದರು: "ರೀ, ಒಲೆ ಮೇಲೆ ಏನಿದೆ ಅಂತ ಕಾಣ್ತಿಲ್ಲ, ನಿಮ್ಮ ರಾಕ್ಷಸನ್ನ ಸ್ವಲ್ಪ ನಿಲ್ಸಿ!"

ಯಾರೂ ಅವರಿಗೆ ಈ ಕೆಲಸ ಕಲಿಸಿರಲಿಲ್ಲ. ನೋಡಿ, ಬಿಚ್ಚಿ, ಮತ್ತೆ ಜೋಡಿಸಿ ಕಲಿತದ್ದು. ಕೀಲು, ಕೊಂಡಿ, ಸೈಕಲ್ ಗಂಟೆ, ಕೀ ಕೊಟ್ಟರೆ ಓಡುವ ಆಟದ ಬಂಡಿ, ಹೀಗೆ ಏನೇನೋ ಮಾಡುತ್ತಿದ್ದರು. ಬೇಕೆಂದವರಿಗೆ ಕೊಟ್ಟುಬಿಡುತ್ತಿದ್ದರು.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಒಬ್ಬಳೇ ಮಗಳು. ತೆವಳುವುದನ್ನು ಅರ್ಧಕ್ಕೇ ಬಿಟ್ಟು ಎದ್ದು ನಡೆದುಬಿಟ್ಟಳೆಂದು ಅವಳಿಗೆ ಚೂಟಿ ಎಂದು ಹೆಸರಾಯಿತು. ಅಪ್ಪ ಅಂಗಡಿಯಿಂದ ಬರುವ ಹೊತ್ತಿಗೆ ಗೇಟಿನವರೆಗೂ ಓಡಿಬರುತ್ತಿದ್ದಳು. ಆ ಓಟ ಕೆಲವು ತಿಂಗಳಷ್ಟೇ. ಒಂದು ಜ್ವರ ಬಂತು. ಜ್ವರ ಇಳಿದಾಗ ಮಗುವಿನ ಬಲಗಾಲು ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಪೋಲಿಯೊ ಎಂದರು ಡಾಕ್ಟರು.

ಅರದಣ್ಣ ಶೆಡ್ಡಿಗೆ ಬೀಗ ಹಾಕಿದರು. ಅಂಗಡಿಗೆ ಹೋಗುವುದು, ಬರುವುದು, ಗೋಡೆಗೆ ಮುಖ ಮಾಡಿ ಮಲಗುವುದು. ಹೆಂಡತಿ ಏನು ಕೇಳಿದರೂ "ಹೂಂ", "ಉಹೂಂ". ಗಂಡ ಎಲ್ಲಿ ಕೈತಪ್ಪಿ ಹೋಗುತ್ತಾರೋ ಎಂದು ಆಕೆ ಅಂಗಡಿಯವರೆಗೂ ಹಿಂದೆ ಹಿಂದೆ ನಡೆದು ಹೋದ ದಿನಗಳೂ ಇದ್ದವು. ಒಂದು ಕಡೆ ನಡೆಯಲಾರದ ಮಗು, ಇನ್ನೊಂದು ಕಡೆ ಮಾತಾಡದ ಗಂಡ.

ಮಗು ಸ್ವಲ್ಪ ದೊಡ್ಡದಾದ ಮೇಲೆ ಆಸ್ಪತ್ರೆಯವರು ಕಾಲಿಗೆ ಕ್ಯಾಲಿಪರ್ ಕೊಟ್ಟರು. ತೊಡೆಯಿಂದ ಬೂಟಿನವರೆಗೆ ಎರಡು ಕಬ್ಬಿಣದ ಪಟ್ಟಿ, ಮೊಣಕಾಲಿನ ಹತ್ತಿರ ಕೀಲು, ಅಲ್ಲಲ್ಲಿ ಚರ್ಮದ ಬೆಲ್ಟು. ಮಗುವಿಗಿಂತ ಅದರ ಭಾರವೇ ಹೆಚ್ಚೇನೋ ಎನ್ನುವಂತಿತ್ತು. ಸ್ವಲ್ಪ ದಿನಕ್ಕೇ ಅದರ ಕೀಲು ಮುರಿಯಿತು. ಸರಿಮಾಡಿಸಲು ಆಸ್ಪತ್ರೆಗೆ ಹೋದರೆ ಇವತ್ತು ಬಾ, ನಾಳೆ ಬಾ. ಮೂರನೇ ಸಲ ಬರಿಗೈಯಲ್ಲಿ ವಾಪಸು ಬಂದ ದಿನ ಅರದಣ್ಣ ಅದನ್ನು ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಶೆಡ್ಡಿನ ಬೀಗದ ಕೈ ಎಲ್ಲಿ ಎಂದು ಕೇಳಿದರು. ಬಹಳ ದಿನಗಳ ಮೇಲೆ ಅವರು ತಾವಾಗಿ ಆಡಿದ ಮೊದಲ ಮಾತು ಅದು. ಹೆಂಡತಿ ಹುಡುಕಿ ಕೊಟ್ಟು, ಒಳಗೆ ಹೋಗಿ ಅತ್ತರು.

ಮೊದಲು ಕೀಲು ಸರಿಯಾಯಿತು. ಆಮೇಲೆ ಅವರಿಗೆ ಸುಮ್ಮನಿರಲು ಆಗಲಿಲ್ಲ. ಇಷ್ಟು ಭಾರ ಯಾಕೆ ಎಂದು, ಕಬ್ಬಿಣದ ಬದಲು ಅಲ್ಯೂಮಿನಿಯಂ ಪಟ್ಟಿ ತಂದು, ಆಸ್ಪತ್ರೆಯ ಕ್ಯಾಲಿಪರನ್ನೇ ಮುಂದಿಟ್ಟುಕೊಂಡು, ಪಟ್ಟಿಗೆ ಪಟ್ಟಿ, ಕೀಲಿಗೆ ಕೀಲು, ಕೂದಲೆಳೆಯಷ್ಟೂ ತಪ್ಪದಂತೆ ಹೊಸದೊಂದನ್ನು ಮಾಡಿದರು. ಅಂಚುಗಳನ್ನು ಕೆನ್ನೆಗೆ ಒತ್ತಿ ನೋಡುವಷ್ಟು ನುಣುಪು ಮಾಡಿದರು. ಚಪ್ಪಲಿ ಹೊಲಿಯುವವನ ಹತ್ತಿರ ಕೂತು ಮೆತ್ತನೆಯ ಚರ್ಮ ಆರಿಸಿದರು. ಅದನ್ನು ಕಟ್ಟಿಕೊಂಡು ಚೂಟಿ ಅಂಗಳ ದಾಟಿ ಗೇಟಿನವರೆಗೆ ನಡೆದಳು. ಅರದಣ್ಣ ಗೇಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಹೋ ಎಂದು ನಕ್ಕರು. ಆ ನಗು ಕೇಳಿ ಅಕ್ಕಪಕ್ಕದವರು ಹೊರಗೆ ಬಂದರು.

ಅಲ್ಲಿಂದ ಮನೆ ಮತ್ತೆ ಮನೆಯಾಯಿತು. ಮಗಳು ಬೆಳೆದ ಹಾಗೆ ಹೊಸ ಕ್ಯಾಲಿಪರ್. ಸಣ್ಣದಾದದ್ದನ್ನು ಶೆಡ್ಡಿನ ಗೋಡೆಗೆ ತೂಗುಹಾಕುವುದು. ಹಳೆಯದರ ಮಾದರಿಯಲ್ಲೇ ಹೊಸದು, ಎಲ್ಲ ಕಡೆಯೂ ಅಷ್ಟಷ್ಟೇ ಉದ್ದ ಮಾಡಿ. ಆಸ್ಪತ್ರೆಯವರು ಆಗಾಗ ಬಂದು ತೋರಿಸಿ ಎಂದಿದ್ದರು. ಅರದಣ್ಣ ಹೋಗಲಿಲ್ಲ. "ಅವರ ತುಕ್ಕು ಹಿಡಿದ ಕಬ್ಬಿಣ ನಮ್ಮ ಚೂಟಿಗೆ ಯಾಕೆ?" ಎಂದರು.

ಅವಳು ಶಾಲೆಗೆ ಸೇರಿದ ಮರುವರ್ಷ ಇರಬೇಕು. ಒಂದು ಸಂಜೆ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದಳು:

"ಅಪ್ಪಾ, ಇದು ನೋಯುತ್ತೆ."

"ಎಲ್ಲಿ ಪುಟ್ಟಾ?"

"ಕೂತ್ಕೊಂಡಾಗ. ಇಲ್ಲಿ. ನಿಂತ್ಕೊಂಡ್ರೂ."

ಅರದಣ್ಣ ಬಿಚ್ಚಿ ನೋಡಿದರು. ತೊಡೆಯ ಒಳಗಡೆ ಚರ್ಮ ಕಿತ್ತು ಕೆಂಪಾಗಿತ್ತು. ಕ್ಯಾಲಿಪರನ್ನು ತೆಗೆದುಕೊಂಡು ಹೋಗಿ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಬಡಿಯತೊಡಗಿದರು. ಪಟ್ಟಿ ಚಪ್ಪಟೆಯಾಗಿ ಸೀಳುವವರೆಗೂ ಬಡಿದರು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಏಳಲಿಲ್ಲ, ಮರುದಿನ ಅಂಗಡಿಗೂ ಹೋಗಲಿಲ್ಲ. ಮಗು ಅವರ ಬೆನ್ನ ಹಿಂದೆ ಕೂತು "ನೋವಿಲ್ಲ ಅಪ್ಪಾ, ಸುಮ್ನೆ ಹೇಳ್ದೆ, ಸುಳ್ಳು ಹೇಳ್ದೆ" ಎಂದು ಅಳುತ್ತಿತ್ತು. ಅವರು ತಿರುಗಲಿಲ್ಲ.

ತಾಯಿ ಮಗಳನ್ನು ಬಚ್ಚಲಿಗೆ ಕರೆದೊಯ್ದು, ಗಾಯ ತೊಳೆಯುತ್ತಾ ಹೇಳಿದರು: "ನೋವಾದ್ರೆ ನಂಗೆ ಹೇಳು ಕಂದಾ. ಅಪ್ಪಂಗೆ ಬೇಡ. ಅಪ್ಪ ತಡ್ಕೊಳ್ಳಲ್ಲ."

ಹಾಗೆ ತಾಯಿ ಮಗಳ ಗುಟ್ಟು ಶುರುವಾಯಿತು. ಅರದಣ್ಣ ಒಂದಷ್ಟು ದಿನದ ಮೇಲೆ ಎದ್ದು, ಇನ್ನೂ ಮೆತ್ತನೆಯ ಚರ್ಮ ಹಾಕಿ ಹೊಸದು ಮಾಡಿದರು. "ಈಗ ಹೇಗಿದೆ?" ಎಂದು ಕೇಳಿದರೆ ಮಗಳು "ಹೂವಿನ ಹಾಗಿದೆ" ಎಂದಳು. ಬೆಳಿಗ್ಗೆ ಬಾಗಿಲು ಹಾಕಿಕೊಂಡು ತಾಯಿ ತೊಡೆಗೆ ಹತ್ತಿ ಸುತ್ತಿ ಕಟ್ಟುತ್ತಿದ್ದರು. ಸಂಜೆ ಎಣ್ಣೆ ಹಚ್ಚುತ್ತಿದ್ದರು. ಗಾಯ ಮಾಯ್ದು, ಮತ್ತೆ ಹರಿದು, ಕೊನೆಗೆ ಅಲ್ಲಿ ಚರ್ಮ ಹಿಮ್ಮಡಿಯಂತೆ ಗಟ್ಟಿಯಾಯಿತು. ಪ್ರತಿ ಹೊಸ ಕ್ಯಾಲಿಪರಿಗೂ ಅವಳು ಹೂವಿನ ಹಾಗಿದೆ ಎಂದೇ ಹೇಳಿದಳು. ಬಂದವರನ್ನೆಲ್ಲ ಅರದಣ್ಣ ಶೆಡ್ಡಿಗೆ ಕರೆದೊಯ್ದು ಗೋಡೆಯ ಸಾಲು ತೋರಿಸುತ್ತಿದ್ದರು. ಶಾಲೆಯ ಮೇಷ್ಟರೊಬ್ಬರು "ನಿಮ್ಮಂಥ ಅಪ್ಪ ಎಲ್ಲ ಮಕ್ಕಳಿಗೂ ಸಿಗಬೇಕು" ಎಂದಾಗ, ಮಗಳು ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದಳು.

ಚೂಟಿ ಓದು ಮುಗಿಸಿ ರೈಲ್ವೆಯ ಟಿಕೆಟ್ ಕೌಂಟರಿನ ಕೆಲಸಕ್ಕೆ ಪರೀಕ್ಷೆ ಕಟ್ಟಿ ಪಾಸಾದಳು. ಅಂಗವಿಕಲರಿಗೆಂದೇ ಇಟ್ಟ ಜಾಗ, ಕೂತು ಮಾಡುವ ಕೆಲಸ. ಉಳಿದದ್ದು ದೇಹ ತಪಾಸಣೆಯೊಂದೇ. ಅಲ್ಲಿನ ಡಾಕ್ಟರು ಕಾಲನ್ನು ಹೆಚ್ಚು ನೋಡಲಿಲ್ಲ. ಬೆನ್ನ ಮೇಲೆ ಬೆರಳಾಡಿಸಿ, ಎಕ್ಸ್‌ರೇ ಫೋಟೊ ತೆಗೆಸಿ, "ಮೊದಲು ಕ್ಯಾಲಿಪರ್ ಮಾಡುವವರ ಹತ್ತಿರ ಹೋಗಿ ಬನ್ನಿ" ಎಂದು ಕಳಿಸಿದರು. ಅರದಣ್ಣ ಅಂಗಡಿಗೆ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಜೊತೆಗೆ ಹೋದರು. ಆ ಕಸುಬಿನವರಿಗೆ ತಮ್ಮ ಕೆಲಸ ತೋರಿಸುವ ಆಸೆ ಅವರಿಗೆ ಒಳಗೊಳಗೇ ಬಹಳ ದಿನದಿಂದ ಇತ್ತು.

ಅಲ್ಲಿ ಇದ್ದದ್ದು ನಡುವಯಸ್ಸಿನ ಹೆಂಗಸು. ಕ್ಯಾಲಿಪರನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು.

"ಯಾರು ಮಾಡಿದ್ದು ಇದು?"

"ನಾನೇ ಮೇಡಂ" ಎಂದರು ಅರದಣ್ಣ. "ಮೊದಲಿಂದ ಎಲ್ಲಾ ನಾನೇ."

"ಕೈಗೆಲಸ ಬಹಳ ಚೆನ್ನಾಗಿದೆ." ಆಕೆ ಚೂಟಿಯ ಮೊಣಕಾಲಿನ ಪಕ್ಕಕ್ಕೆ ಕ್ಯಾಲಿಪರ್ ಹಿಡಿದು, ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. "ನೋಡಿ, ಇವಳ ಕೀಲು ಇಲ್ಲಿದೆ. ನೀವು ಇಟ್ಟಿರೋದು ಎರಡು ಬೆರಳು ಕೆಳಗೆ. ಕೂತಾಗಲೆಲ್ಲ ಪಟ್ಟಿ ಮೇಲೆ ಸರಿದು ತೊಡೆಗೆ ತಿವಿಯುತ್ತೆ. ನಿಂತ್ರೆ ಮೊಣಕಾಲು ಹಿಂದಕ್ಕೆ ಬಾಗುತ್ತೆ. ಸೋತ ಕಾಲು ಗಿಡ್ಡ ಅಲ್ವಾ, ಬೆಳೀತಾ ಬೆಳೀತಾ ಬೂಟಿನ ಅಡಿ ಎತ್ತರಿಸ್ತಾ ಹೋಗ್ಬೇಕಿತ್ತು. ಎತ್ತರಿಸಿಲ್ಲ. ಅದಕ್ಕೆ ಸೊಂಟ ವಾಲಿದೆ, ಬೆನ್ನುಮೂಳೆ ಬಾಗಿದೆ."

"ಆಸ್ಪತ್ರೆಯವರು ಕೊಟ್ಟದ್ದನ್ನ ನೋಡೇ ಮಾಡಿದ್ದು ಮೇಡಂ. ಒಂದು ನೂಲೂ ತಪ್ಪಿಲ್ಲ."

"ಅದು ಇವಳ ಅಳತೆದಾಗಿರಲ್ಲ. ಆಗ ಕೈಗೆ ಸಿಕ್ಕಿದ್ದನ್ನ ಬಂದವರಿಗೆ ಕೊಡ್ತಿದ್ರು. ಅದಕ್ಕೇ ಮತ್ತೆ ಮತ್ತೆ ಬಂದು ತೋರಿಸಿ ಅಂತ ಹೇಳೋದು. ನೀವು ತೋರಿಸ್ತಿರಲಿಲ್ವಾ?"

"ನಾನೇ ಮಾಡ್ತಿದ್ನಲ್ಲಾ..." ಎಂದರು ಅರದಣ್ಣ.

"ಬೆನ್ನು ಸರಿಹೋಗುತ್ತಾ?" ಎಂದು ಕೇಳಿದವಳು ಚೂಟಿ.

"ಬೆಳೆಯೋ ವಯಸ್ಸಲ್ಲಿ ಬಂದಿದ್ರೆ ತಡೀಬಹುದಿತ್ತಮ್ಮ. ಈಗ ಇನ್ನೂ ಬಾಗದ ಹಾಗೆ ನೋಡ್ಕೋಬೇಕು."

ಮನೆಗೆ ಬಂದವರೇ ಅರದಣ್ಣ ಶೆಡ್ಡಿಗೆ ಹೋಗಿ, ಗೋಡೆಯ ಮೇಲಿನ ಕ್ಯಾಲಿಪರುಗಳನ್ನೆಲ್ಲ ಇಳಿಸಿ ಮೇಜಿನ ಮೇಲೆ ಸಾಲಾಗಿ ಮಲಗಿಸಿದರು. ಅತಿ ಸಣ್ಣದು ಮೊಳದಷ್ಟೂ ಇರಲಿಲ್ಲ. ಒಂದೊಂದನ್ನೂ ಅಳೆದರು. ತಪ್ಪು ಪ್ರತಿಯೊಂದರಲ್ಲೂ ಇತ್ತು. ಮಗಳು ಬೆಳೆದಂತೆ ಅದೂ ಲೆಕ್ಕಕ್ಕೆ ಸರಿಯಾಗಿ ಬೆಳೆದಿತ್ತು. ಚರ್ಮದ ಬೆಲ್ಟುಗಳನ್ನು ಮಗುಚಿ ನೋಡಿದರು. ಒಳಮೈಯಲ್ಲಿ ಎಣ್ಣೆಯ ಜಿಡ್ಡು, ಅಂಟಿಕೊಂಡ ಹತ್ತಿಯ ಎಳೆ, ಕಪ್ಪಾಗಿ ಒಣಗಿದ ಕಲೆ.

ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಿಂಗೆ ಗೊತ್ತಿತ್ತಾ?"

ಹೆಂಡತಿ ಒಲೆಯಿಂದ ತಿರುಗಲಿಲ್ಲ. "ಗೊತ್ತಿತ್ತು."

"ಒಂದು ಮಾತು ಹೇಳಬಾರದಾಗಿತ್ತೇನೇ?"

"ಯಾರಿಗೆ ಹೇಳ್ಲಿ?" ಆಕೆ ಈಗ ತಿರುಗಿದರು. ಅವರ ದನಿ ಸಿಟ್ಟಿನಲ್ಲಿ ಹೀಗೆ ಏರಿದ್ದನ್ನು ಆ ಮನೆಯ ಗೋಡೆಗಳು ಅದುವರೆಗೆ ಕೇಳಿರಲಿಲ್ಲ. "ಆ ಕೂಸು ಒಂದೇ ಒಂದು ಸಲ ಬಾಯಿಬಿಟ್ಟು ಹೇಳ್ತು. ನೀವೇನ್ ಮಾಡಿದ್ರಿ? ಗೋಡೆ ಕಡೆ ತಿರುಗಿ ಮಲಗಿದ್ರಿ. ಕೂಸನ್ನ ಎತ್ಕೊಳ್ಳಲಿಲ್ಲ ನೀವು! ಅದರ ಕಾಲು ನೋಡ್ಕೊಳ್ಳಲಾ, ನಿಮ್ಮನ್ನ ಉಳಿಸ್ಕೊಳ್ಳಲಾ? ನಂಗಿರೋದು ಎರಡೇ ಕೈ."

ಅರದಣ್ಣ ಮಗಳ ಕೋಣೆಯತ್ತ ನೋಡಿದರು. ಅವಳು ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ಅಷ್ಟು ನೋವಿತ್ತಾ ಚೂಟಿ?"

"ಅಭ್ಯಾಸ ಆಗಿತ್ತಪ್ಪಾ."

ಬೈದಿದ್ದರೆ ಅವರು ತಡೆದುಕೊಳ್ಳುತ್ತಿದ್ದರೋ ಏನೋ. ಈ ಮಾತಿಗೆ ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ಅಳು ಬರಲಿಲ್ಲ. ಮಗಳೇ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತು, "ನೀನು ಬೇಕಂತ ಮಾಡಿದ್ಯಾ?" ಎಂದಳು. ಹೆಗಲ ಮೇಲಿಟ್ಟ ಅವಳ ಕೈಯನ್ನು ಅವರು ಮೆಲ್ಲಗೆ ತೆಗೆದು ಕೆಳಗಿಟ್ಟರು.

ಟಿಕೆಟ್ ಕೌಂಟರಿನ ಕೆಲಸ ಸಿಗಲಿಲ್ಲ. ಗಂಟೆಗಟ್ಟಲೆ ಕೂರಲು ಬೆನ್ನು ಬಿಡುವುದಿಲ್ಲ ಎಂದು ತಪಾಸಣೆಯ ಡಾಕ್ಟರು ಬರೆದರು. ಚೂಟಿ ಎರಡು ದಿನ ಅತ್ತು, ಕೊರಿಯರ್ ಆಫೀಸೊಂದರಲ್ಲಿ ಅರ್ಧ ದಿನದ ಫೋನಿನ ಕೆಲಸ ಹಿಡಿದಳು. ಹೊಸದಾಗಿ ಮಾಡಿಸಿದ ಪ್ಲಾಸ್ಟಿಕ್ಕಿನ ಕ್ಯಾಲಿಪರ್ ಬಟ್ಟೆಯೊಳಗೆ ಕಾಣುತ್ತಲೂ ಇರಲಿಲ್ಲ. ಅದನ್ನು ಕಟ್ಟಿಕೊಂಡ ಮೊದಲ ದಿನ ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತು, "ಅಮ್ಮಾ, ಏನೂ ಆಗ್ತಿಲ್ಲ!" ಎಂದು ಕೂಗಿದಳು. ನಡುಮನೆಯಲ್ಲಿದ್ದ ಅಪ್ಪನಿಗೂ ಅದು ಕೇಳಿಸಿತು.

ಅರದಣ್ಣ ಶೆಡ್ಡನ್ನು ಖಾಲಿ ಮಾಡಿದರು. ಲೇತ್, ವೈಸ್, ಅಡಿಗಲ್ಲು, ಅರಗಳು, ಎಲ್ಲ ಗುಜರಿಯವನ ಗಾಡಿಗೆ ಹೋದವು. ಗುಜರಿಯವನೇ "ಅಣ್ಣಾ, ಲೇತ್ ಚೆನ್ನಾಗಿ ಓಡ್ತಿದೆಯಲ್ಲ, ಯಾರಾದ್ರೂ ಕೆಲಸ ಮಾಡೋರಿಗೆ ಕೊಡಿ" ಎಂದ. "ಒಡೆದು ಹಾಕು" ಎಂದರು. ಹೆಂಡತಿ ಕೈ ಹಿಡಿದು ಬೇಡಿಕೊಂಡರೂ ಕೇಳಲಿಲ್ಲ. ಬೀದಿಯವರು ಬೀಗ, ಕೀಲು ಹಿಡಿದುಕೊಂಡು ಬಂದರೆ "ನಂಗೆ ಬರಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕ್ರಮೇಣ ಯಾರೂ ಬರುವುದನ್ನು ಬಿಟ್ಟರು. ಅಂಗಡಿಯಲ್ಲಿ ಬಟ್ಟೆ ಅಳೆದರೆ ಕತ್ತರಿಸುವ ಮುಂಚೆ ಮತ್ತೆ ಅಳೆಯುವರು, ಮತ್ತೊಮ್ಮೆ ಅಳೆಯುವರು, ಗಿರಾಕಿ ರೇಗಿದರೂ ಕತ್ತರಿ ಆಡಿಸುತ್ತಿರಲಿಲ್ಲ. ಕೊನೆಗೆ ಸಾಹುಕಾರರು ಅವರನ್ನು ಬಾಗಿಲ ಹತ್ತಿರ ಗಿರಾಕಿಗಳ ಚೀಲ ನೋಡಿಕೊಳ್ಳಲು ಕೂರಿಸಿದರು.

ಮರುವರ್ಷ ಒಂದು ಬೆಳಿಗ್ಗೆ ಚೂಟಿ ಕೆಲಸಕ್ಕೆ ಹೊರಟು ಅಂಗಳಕ್ಕೆ ಇಳಿದವಳು ನಿಂತಳು. ಕ್ಯಾಲಿಪರಿನ ಪಕ್ಕದ ಸ್ಕ್ರೂ ಸಡಿಲವಾಗಿತ್ತು.

"ಅಪ್ಪಾ, ಇದನ್ನ ಸ್ವಲ್ಪ ಬಿಗಿ ಮಾಡ್ಕೊಡು, ಬಸ್ಸಿಗೆ ಹೊತ್ತಾಯ್ತು."

"ಮಾಡಿದೋರ ಹತ್ರ ತೋರಿಸು."

"ಒಂದು ಸ್ಕ್ರೂ ಅಷ್ಟೇ ಅಪ್ಪಾ. ನೀನು ಮಾಡು." ಅವಳಿಗೆ ಬಸ್ಸಿನ ಅವಸರವಷ್ಟೇ ಅಲ್ಲ ಎಂಬುದು ಬಾಗಿಲಲ್ಲಿ ನಿಂತ ತಾಯಿಗೆ ಗೊತ್ತಾಯಿತು.

ಮನೆಯಲ್ಲಿ ಒಂದು ಸ್ಕ್ರೂಡ್ರೈವರ್ ಕೂಡ ಉಳಿದಿರಲಿಲ್ಲ. ಅರದಣ್ಣ ಎದುರು ಮನೆಗೆ ಹೋಗಿ, ಅಲ್ಲಿ ಲಾರಿ ಓಡಿಸುವ ಹುಡುಗನನ್ನು ಕೇಳಿ ಇಸಕೊಂಡು ಬಂದರು. ಮಗಳ ಮುಂದೆ ಮಂಡಿಯೂರಿ ಕೂತರು. ಸ್ಕ್ರೂವಿನ ತಲೆಗೆ ತುದಿ ಇಟ್ಟರು. ಅದು ಜಾರಿತು. ಮತ್ತೆ ಇಟ್ಟರು. ಮತ್ತೆ ಜಾರಿತು. ಎಡಗೈಯಿಂದ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಾಗೇ ತುಂಬ ಹೊತ್ತು ಕೂತಿದ್ದರು. ಚೂಟಿ "ನಿಧಾನಕ್ಕೆ ಅಪ್ಪಾ" ಎಂದಳು. ಬೀದಿಯ ತಿರುವಿನಲ್ಲಿ ಬಸ್ಸು ಬಂದು ನಿಂತ ಸದ್ದು ಕೇಳಿಸಿತು, ಹೋದದ್ದೂ ಕೇಳಿಸಿತು.

ಸ್ಕ್ರೂಡ್ರೈವರ್ ವಾಪಸು ತೆಗೆದುಕೊಂಡು ಹೋಗಲು ಬಂದಿದ್ದ ಲಾರಿಯ ಹುಡುಗ ಗೇಟಿನಲ್ಲೇ ನಿಂತಿದ್ದ. ಅರದಣ್ಣ ಎದ್ದು ಅದನ್ನು ಅವನ ಕೈಗೆ ಕೊಟ್ಟು, ಮಗಳ ಕಾಲಿನ ಕಡೆ ತೋರಿಸಿದರು. ಅವನು ಬಗ್ಗಿ ಒಂದು ಸುತ್ತು ತಿರುಗಿಸಿದ. ಸ್ಕ್ರೂ ಕೂತಿತು.

"ಅಷ್ಟೇನಾ?" ಎಂದ ಅವನು.

"ಅಷ್ಟೇ" ಎಂದಳು ಚೂಟಿ. ಮುಂದಿನ ಬಸ್ಸು ಹಿಡಿಯಲು ಗೇಟು ದಾಟಿ ಹೋದಳು. ಅರದಣ್ಣ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಹೆಂಡತಿ ಅವತ್ತು ಎಬ್ಬಿಸಲು ಹೋಗಲಿಲ್ಲ.