ಎಂಟು ಹುಡುಗಿಯರ ಶೇಕಡಾವಾರು

ಮಾತಿನಲ್ಲಿ 'ನೂರಕ್ಕೆ ನೂರು' ಎನ್ನುವುದು ನಮಗೆ ಎಷ್ಟು ಸಲೀಸೆಂದರೆ, ಮೋಡ ನೋಡಿ ಮಳೆ ನೂರಕ್ಕೆ ನೂರು ಎಂದವರೇ ಮರುಗಳಿಗೆಯಲ್ಲಿ ಕೊಡೆ ಮರೆತು ಹೊರಟಿರುತ್ತಾರೆ. ನಾಲಿಗೆಗೆ ನೂರು ಹಗುರ. ಕೈಗೆ ಬಳಪ ಕೊಟ್ಟು 'ಯಾವುದರ ನೂರು?' ಎಂದು ಕೇಳಿದಾಗಲೇ ಭಾರ. ಆ ಪ್ರಶ್ನೆಗೆ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ಓದುಗ ಮಹಾಶಯರು ನಗಬಾರದು, ನಾನು ಅಂಕಗಣಿತದ ಉಪಾಧ್ಯಾಯನಾಗಿದ್ದೆ.

ಮಹಾರಾಜರ ಕಾಲದ ಮಾತು. ಲಕ್ಷ್ಮಣತೀರ್ಥದ ದಡದ ಹನಗೋಡಿನಲ್ಲಿ ಹೆಣ್ಣುಮಕ್ಕಳಿಗೊಂದು ಪುಟ್ಟ ತರಗತಿಯಿತ್ತು. ಅದರ ಮೇಷ್ಟ್ರು, ಗುಮಾಸ್ತ, ಗಂಟೆ ಹೊಡೆಯುವವ ಎಲ್ಲವೂ ನಾನೇ. ಆ ಬೇಸಗೆಯಲ್ಲಿ ಮೇಲಿನಿಂದ ಒಂದು ಆಜ್ಞೆ ಬಂದಿತು: ಹುಡುಗಿಯರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇಕಡಾ ಐವತ್ತರಷ್ಟಾದರೂ ಹೆಚ್ಚಿರದಿದ್ದರೆ ತರಗತಿಯನ್ನು ಮುಚ್ಚತಕ್ಕದ್ದು, ಓದುವ ಇಚ್ಛೆಯುಳ್ಳವರು ಹುಣಸೂರಿಗೆ ಹೋಗತಕ್ಕದ್ದು. ಏಳೆಂಟು ವರ್ಷದ ಹೆಣ್ಣುಮಕ್ಕಳು ಅಷ್ಟು ದೂರ ನಡೆದು ಹೋಗುವುದು ಆಜ್ಞೆ ಬರೆದ ಲೇಖನಿಗೆ ಮಾತ್ರ ಸಾಧ್ಯವಿತ್ತು.

ಹಿಂದಿನ ವರ್ಷ ಹದಿನಾರು ಹುಡುಗಿಯರಿದ್ದರು. ಈ ವರ್ಷ ಮನೆಮನೆಯ ಜಗಲಿ ಹತ್ತಿಳಿದು, ಅಜ್ಜಿಯರಿಂದ ಬೈಸಿಕೊಂಡು, ಎಲೆ ಅಡಿಕೆ ಮೆದ್ದು, ಇಪ್ಪತ್ತನಾಲ್ಕು ಮಾಡಿದ್ದೆ. ಹೆಚ್ಚಿದ್ದು ಎಂಟು. ಆ ಎಂಟನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದೆ. ಮೂರನೆಯ ಒಂದು ಭಾಗ ಬಂತು. ಶೇಕಡಾ ಮೂವತ್ತಮೂರು ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ನಿಡುಸುಯ್ದು, ಟಪ್ಪಾಲಿಗೆ ಹಾಕಿದೆ. ಪ್ರಾಮಾಣಿಕನಾಗಿ ಸೋತೆನೆಂಬ ಹೆಮ್ಮೆಯೂ ಒಳಗೊಳಗೇ ಇತ್ತು. ಹೆಮ್ಮೆಯಿದ್ದ ಕಡೆ ಲೆಕ್ಕವನ್ನು ಎರಡನೆಯ ಸಲ ನೋಡುವ ಅಭ್ಯಾಸವಿರುವುದಿಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು: ಮುಂದಿನ ಸೋಮವಾರದಿಂದ ತರಗತಿ ಇಲ್ಲ.

ಸುದ್ದಿಯನ್ನು ಮನೆಗಳಿಗೆ ತಿಳಿಸಲು ಹೊರಟವನು ಮೊದಲು ಹೋದದ್ದು ಸಾಕಮ್ಮನ ಗುಡಿಸಲಿಗೆ. ಆಕೆ ಪುರಿ ಹುರಿದು ಸಂತೆಯಲ್ಲಿ ಮಾರುವ ವಿಧವೆ; ಮಗಳು ಕೆಂಪಿ ನನ್ನ ತರಗತಿಯಲ್ಲಿ ಒಂಬತ್ತರ ಮಗ್ಗಿಯವರೆಗೆ ಬಂದಿದ್ದಳು. ಬಾಣಲೆಯ ಕಾದ ಮರಳಿನಲ್ಲಿ ಅಕ್ಕಿ ಚಟಪಟನೆ ಅರಳುತ್ತಿತ್ತು. ವಿಷಯ ಹೇಳಿದೆ. ಸಾಕಮ್ಮ ಅಳಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

"ಎಷ್ಟು ಎಚ್ಬೇಕಿತ್ತಂತೆ ಅವ್ರಿಗೆ?" ಎಂದಳು.

"ಮೊದಲು ಇದ್ದದ್ದರ ಅರ್ಧದಷ್ಟು."

"ಓದ್ ವರ್ಸ ಅದಿನಾರು ಮಕ್ಳು. ಅದ್ರಲ್ಲರ್ಧ ಎಂಟು. ಎಂಟ್ ಮಕ್ಳು ಬಂದವ್ರಲ್ಲಾ ಮೇಷ್ಟ್ರೇ?"

ನಾನು ವಿದ್ವತ್ತಿನ ಎತ್ತರದಿಂದ ಕನಿಕರಪಟ್ಟು, ಎಂಟು ಎಂಬುದು ಇಪ್ಪತ್ತನಾಲ್ಕರಲ್ಲಿ ಮೂರನೆಯ ಒಂದು ಪಾಲು ಮಾತ್ರವೆಂದು ವಿವರಿಸಿದೆ. ಸಾಕಮ್ಮ ಈಗ ಕೈ ನಿಲ್ಲಿಸಿದಳು.

"ಅಕ್ಕಿ ಬಾಣ್ಲೆಗ್ ಆಕ್ದಾಗ ಎಷ್ಟಿತ್ತು ಅಂತ ನೋಡ್ಬೇಕು ಕಣ್ರೀ. ಪುರಿ ಉಬ್ಬುದ್ ಮ್ಯಾಲೆ ಆ ಪುರೀನೇ ಅಳ್ದು, ಇಷ್ಟೇನಾ ಉಬ್ಬಿದ್ದು ಅಂದ್ರೆ, ಅದ್ಯಾವ ಸೀಮೆ ಲೆಕ್ಕ?"

ಕಾದ ಮರಳನ್ನು ನನ್ನ ಮುಖಕ್ಕೇ ಎರಚಿದಂತಾಯಿತು. ಹೆಚ್ಚಳವನ್ನು ಅಳೆಯಬೇಕಾದದ್ದು ಹೆಚ್ಚುವ ಮೊದಲು ಇದ್ದದ್ದರಿಂದ, ಹೆಚ್ಚಿದ ಮೇಲೆ ಆದದ್ದರಿಂದಲ್ಲ. ಇದನ್ನೇ ಎಷ್ಟೋ ಮಕ್ಕಳಿಗೆ ಬೆತ್ತ ಹಿಡಿದು ಕಲಿಸಿದ್ದೆ. ಹದಿನಾರಕ್ಕೆ ಎಂಟು ಸರಿಯಾಗಿ ಶೇಕಡಾ ಐವತ್ತು. ಇಪ್ಪತ್ತನಾಲ್ಕು ಮಕ್ಕಳ ವಿದ್ಯೆಗೆ ಬೀಗ ಹಾಕಿದ್ದು ಸರ್ಕಾರವಲ್ಲ, ನನ್ನ ಭಾಗಾಕಾರ.

ಮಾರನೆಯ ಬೆಳಿಗ್ಗೆ ಹೊಗೆಸೊಪ್ಪಿನ ಗಾಡಿಯೊಂದರ ಹಿಂದುಗಡೆ ಕುಳಿತು ಹುಣಸೂರಿಗೆ ಹೋದೆ. ದಾರಿಯುದ್ದಕ್ಕೂ ಮನಸ್ಸು ನೆಪಗಳನ್ನು ಹೊಸೆಯಿತು: ಮಸಿ ಚೆಲ್ಲಿತೆನ್ನಲೆ, ನಕಲು ಮಾಡಿದವನ ಕೈತಪ್ಪೆನ್ನಲೆ? ಆದರೆ ನಕಲು ಮಾಡಿದವನೂ ನಾನೇ ಆಗಿದ್ದೆನಲ್ಲ. ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ನಿಂತು, ಗಣಿತದ ಮೇಷ್ಟ್ರಾದ ನಾನು ಶೇಕಡಾವಾರು ತಪ್ಪಿದ್ದೇನೆಂದೂ ಏರಿದ್ದು ಸರಿಯಾಗಿ ಐವತ್ತೆಂದೂ ಹೇಳಿದೆ.

ಅವರು ಕನ್ನಡಕದ ಮೇಲಿನಿಂದ ನೋಡಿ, "ಹಾಗಾದರೆ ನಾಳೆ ಎಂಟು ಹುಡುಗಿಯರು ಶಾಲೆ ಬಿಟ್ಟರೆ, ಐವತ್ತು ಏರಿದ್ದು ಐವತ್ತು ಇಳಿಯಿತು ಎನ್ನುತ್ತೀರಲ್ಲವೇ?" ಎಂದರು.

ನಿನ್ನೆಯ ನಾನಾಗಿದ್ದರೆ ತಲೆಯಾಡಿಸಿಬಿಡುತ್ತಿದ್ದೆ. ಈಗ ಬಾಣಲೆ ಕಣ್ಣ ಮುಂದೆ ಬಂತು. "ಇಲ್ಲ ಸ್ವಾಮಿ. ಇಳಿಯುವಾಗ ಮೊದಲು ಇದ್ದದ್ದು ಇಪ್ಪತ್ತನಾಲ್ಕು. ಆದ್ದರಿಂದ ಇಳಿದದ್ದು ಶೇಕಡಾ ಮೂವತ್ತಮೂರು ಚಿಲ್ಲರೆ. ಐವತ್ತು ಏರಿ ಐವತ್ತು ಇಳಿದರೆ ಹನ್ನೆರಡಕ್ಕೆ ಬಂದು ನಿಲ್ಲುತ್ತೇವೆ, ಹದಿನಾರಕ್ಕಲ್ಲ."

ಅವರು ಒಂದು ಕ್ಷಣ ಬೆರಳಲ್ಲಿ ಎಣಿಸಿ ನಕ್ಕರು. "ಇದನ್ನು ಹದಿನೈದು ದಿನದ ಹಿಂದೆ ಯಾಕೆ ಹೇಳಲಿಲ್ಲ?"

"ಹದಿನೈದು ದಿನದ ಹಿಂದೆ ನನಗೆ ಗೊತ್ತಿದೆ ಅಂದುಕೊಂಡಿದ್ದೆ, ಸ್ವಾಮಿ. ನಿನ್ನೆ ಗೊತ್ತಾಯಿತು."

ಆಜ್ಞೆ ರದ್ದಾಯಿತು. ಸೋಮವಾರ ನಾನೇ ಗಂಟೆ ಹೊಡೆದೆ, ಅಗತ್ಯಕ್ಕಿಂತ ತುಸು ಹೆಚ್ಚೇ ಹೊಡೆದೆ. ಎಷ್ಟು ಶೇಕಡಾ ಹೆಚ್ಚು ಎಂದು ಮಾತ್ರ ಕೇಳಬೇಡಿ.

ಆ ವಾರವೇ ಸಾಕಮ್ಮ ಪುರಿಯ ಮೊರ ಹಿಡಿದು ಶಾಲೆಯ ಬಾಗಿಲಿಗೆ ಬಂದಳು. "ಸಾಲೆ ಮುಚ್ಚೋ ಆ ಕಾಗ್ದಾನ ನಂಗೇ ಓದಾಕ್ ಬಂದಿದ್ರೆ ನೀವು ಬರೋಗಂಟ ಕಾಯ್ಬೇಕಿರ್ನಿಲ್ಲ ನಾನು. ನಂಗೂ ಕಲಿಸ್ಕೊಡಿ, ಮದ್ಯಾನ ಬತ್ತೀನಿ," ಎಂದಳು. ಮಕ್ಕಳು ಊಟಕ್ಕೆ ಹೋದ ಹೊತ್ತಿನಲ್ಲಿ ಹೆಂಗಸರ ಪಾಠ ಹಾಗೆ ಶುರುವಾಯಿತು. ಮೊದಲ ದಿನ ಆಕೆ ಒಬ್ಬಳೇ. ಮರುದಿನ ಕಲಾಯಿ ಹಾಕುವವರ ಮನೆಯ ಅಮೀನಾಬಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬಂದು ಮೂಲೆಯಲ್ಲಿ ಕುಳಿತಳು.

ಸಂಜೆ ವರದಿಯ ಪುಸ್ತಕ ತೆರೆದೆ. ಒಂದೇ ದಿನದಲ್ಲಿ ಶೇಕಡಾ ನೂರು ಅಭಿವೃದ್ಧಿ! ಲೇಖನಿ ಆಸೆಯಿಂದ ತೊಟ್ಟಿಕ್ಕಿತು. ಲೆಕ್ಕ ತಪ್ಪಲ್ಲ, ಆದರೆ ಒಬ್ಬರು ಇಬ್ಬರಾದದ್ದನ್ನು ನೂರೆಂದು ಉಬ್ಬಿಸಿದರೆ, ಓದಿದವರಿಗೆ ಜಾತ್ರೆಯೇ ನೆರೆದಂತೆ ಕಾಣುತ್ತಿತ್ತು. 'ನಿನ್ನೆ ಒಬ್ಬರು, ಇಂದು ಇಬ್ಬರು' ಎಂದಷ್ಟೇ ಬರೆದು, ಹಾಜರಿಯಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟೆ.

ಮೂರು ವಾರದ ಮೇಲೆ ಸಾಕಮ್ಮ ಆ ಜಾಗದಲ್ಲಿ ತನ್ನ ಹೆಸರನ್ನು ತಾನೇ ಬರೆದಳು. 'ಸಾ' ಎಂಬ ಮೊದಲ ಅಕ್ಷರದ ದೀರ್ಘವು ಗೆರೆ ದಾಟಿ, ಅಮೀನಾಬಿಗೆಂದು ಮೀಸಲಿಟ್ಟ ಸಾಲಿನೊಳಕ್ಕೆ ಇಳಿದುಬಿಟ್ಟಿತು. ಅಳಿಸಲು ಹೋದೆ. ಅಮೀನಾಬಿ ಕೈ ಅಡ್ಡ ಹಿಡಿದಳು: "ಇರ್ಲಿ ಬುಡಿ ಮೇಷ್ಟ್ರೇ. ಪಕ್ಕದಾಗೆ ನಾ ಬರ್ಕತೀನಿ."