ಸಕ್ಕರೆ ಸಾಲದ ದ್ರಾಕ್ಷಾರಸ

ನಮ್ಮ ಸಭೆಗೆ ಪ್ರಭುಭೋಜನದ ದ್ರಾಕ್ಷಾರಸ ಮಾಡಿಕೊಡುತ್ತಿದ್ದವಳು ನಾನು. ಹದಿನಾರು ವರ್ಷ ಮಾಡಿದ್ದೇನೆ. ಅದರಲ್ಲಿ ಎಂಟು ತಿಂಗಳು ಮಾಡಿದೆ, ಆದರೆ ಕುಡಿಯಲಿಲ್ಲ. ಆ ಎಂಟು ತಿಂಗಳದ್ದೇ ಈ ಕತೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಗಟ್ಟಿಯಾದದ್ದು ಕೀರ್ತನೆ ಪುಸ್ತಕ ಹಿಡಿದ ಮೇಲೆ. ಹಾಗಾಗಿ ಬರವಣಿಗೆಯಲ್ಲಿ ನಯ ನಾಜೂಕು ಹುಡುಕಬೇಡಿ.

ಗುಂಡ್ಲುಪೇಟೆಯ ನಮ್ಮ ಚರ್ಚು ದೊಡ್ಡದೇನಲ್ಲ. ಮೈಸೂರು ರಸ್ತೆಯಿಂದ ಒಳಗೆ ಒಂದು ಓಣಿ, ಓಣಿಯ ತುದಿಯಲ್ಲಿ ಹೆಂಚಿನ ಕಟ್ಟಡ. ಪ್ರಾರ್ಥನೆಯ ನಡುವೆ ಈರುಳ್ಳಿ ಲಾರಿ ಹಾರನ್ ಹೊಡೆದರೆ ನಮ್ಮ ಪಾದ್ರಿ ಅಯ್ಯನವರು ಒಂದು ಕ್ಷಣ ನಿಲ್ಲಿಸಿ, ಲಾರಿ ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಿದ್ದರು. ಅಯ್ಯನವರಿದ್ದದ್ದು ಚಾಮರಾಜನಗರದಲ್ಲಿ. ತಿಂಗಳ ಮೊದಲ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಅವತ್ತು ಪ್ರಭುಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ತಿಂದು ಒಂದೇ ಬಟ್ಟಲಲ್ಲಿ ದ್ರಾಕ್ಷಾರಸ ಕುಡಿಯುವ ದಿನ. ಶನಿವಾರ ನನ್ನ ಮನೆ ತುಂಬಾ ದ್ರಾಕ್ಷಿ ವಾಸನೆ.

ಕೆಲಸ ಕಷ್ಟದ್ದಲ್ಲ. ಬೀಜ ಇರುವ ಕಪ್ಪು ದ್ರಾಕ್ಷಿ ತರಬೇಕು. ಉಪ್ಪು ನೀರಲ್ಲಿ ತೊಳೆದು ಬಟ್ಟೆಯ ಮೇಲೆ ಹರವಬೇಕು. ಸ್ವಲ್ಪ ನೀರು ಹಾಕಿ ಸಿಪ್ಪೆ ಬಿರಿಯುವ ತನಕ ಬೇಯಿಸಿ, ಆರಿದ ಮೇಲೆ ಕೈಯಲ್ಲಿ ಹಿಸುಕಿ, ಬಿಳಿ ಪಂಚೆಯಲ್ಲಿ ಸೋಸಬೇಕು. ಸಕ್ಕರೆ, ಎರಡು ಲವಂಗ. ಸಕ್ಕರೆ ಎಷ್ಟು ಅಂತ ಯಾರಾದರೂ ಕೇಳಿದರೆ ನಾನು ಹೇಳುತ್ತಿರಲಿಲ್ಲ. ಹಣ್ಣು ನೋಡಿ ಹಾಕಬೇಕು. ಅದು ನನಗೊಬ್ಬಳಿಗೇ ಗೊತ್ತು ಅಂತ ಜಂಬವೂ ಇತ್ತು. ಇಲ್ಲ ಅಂದರೆ ಸುಳ್ಳು.

ಪ್ರಭುಭೋಜನಕ್ಕೆ ಮೊದಲು ಅಯ್ಯನವರು ಪ್ರತಿ ಸಲ ಒಂದು ಮಾತು ಹೇಳುತ್ತಿದ್ದರು. ಯಾರ ಮೇಲಾದರೂ ಮನಸ್ತಾಪ ಇಟ್ಟುಕೊಂಡವರು ಮೊದಲು ಹೋಗಿ ರಾಜಿಯಾಗಿ, ಆಮೇಲೆ ಮುಂದೆ ಬನ್ನಿ ಅಂತ. ಬಹಳ ಜನ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು ನೆಟ್ಟಗೆ ಹೋಗಿ ಮೊಣಕಾಲೂರುತ್ತಿದ್ದರು. ನನಗೆ ಅದು ಆಗುತ್ತಿರಲಿಲ್ಲ. ದೇವರ ಮುಂದೆ ನಾಟಕ ಆಡುವುದಕ್ಕಿಂತ ಬೆಂಚಿನ ಮೇಲೆ ಕೂತಿರುವುದು ವಾಸಿ ಅಂದುಕೊಂಡೆ.

ಮನಸ್ತಾಪ ನನ್ನ ವಾರಗಿತ್ತಿಯ ಜೊತೆ, ಅಂದರೆ ಮೈದುನನ ಹೆಂಡತಿ. ನನಗಿಂತ ಆರು ವರ್ಷ ಚಿಕ್ಕವಳು. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡವರು ನಾವು. ಮನೆ ಪಾಲಾದ ಮೇಲೆ ಅವರು ಬೇಗೂರಿಗೆ ಹೋದರು. ಅಲ್ಲಿಂದ ಭಾನುವಾರ ಬಸ್ಸಿಗೆ ಬರುತ್ತಿದ್ದರು. ನನ್ನ ಮಗ ಎರಡು ತಿಂಗಳ ಕೂಸಾಗಿದ್ದಾಗ ನನಗೆ ಟೈಫಾಯ್ಡ್ ಬಂದು ಎದೆಹಾಲು ಬತ್ತಿಹೋಗಿತ್ತು. ಆಗ ಅವಳ ಮಡಿಲಲ್ಲೂ ಹಾಲು ಕುಡಿಯುವ ಮಗಳಿದ್ದಳು. ಒಂದು ಕಡೆ ಮಗಳು, ಇನ್ನೊಂದು ಕಡೆ ನನ್ನ ಮಗ, ಇಬ್ಬರಿಗೂ ಕುಡಿಸಿದಳು. ಮೂರು ತಿಂಗಳು. ನಾನು ಎದ್ದು ಓಡಾಡುವಂತಾದ ಮೇಲೆ ಕೂಸನ್ನು ಈಸಿಕೊಂಡೆ. ಒಂದು ಮಾತೂ ಹೇಳಲಿಲ್ಲ. ನಮ್ಮಲ್ಲಿ ಮನೆಯವರಿಗೆ ಯಾರು ವಂದನೆ ಹೇಳುತ್ತಾರೆ?

ಜಗಳ ಹುಟ್ಟಿದ್ದೂ ಅಲ್ಲೇ.

ಆ ಮಗ ದೊಡ್ಡವನಾಗಿ, ಟೆಂಪೋ ಇಟ್ಟುಕೊಂಡು ಕೇರಳಕ್ಕೆ ತರಕಾರಿ ಹೊಡೆಯುತ್ತಿದ್ದ. ಅವನ ಮದುವೆ ಆಯಿತು. ನಮ್ಮ ಮದುವೆಗಳಲ್ಲಿ ಊಟಕ್ಕೆ ಮೊದಲು ಮೈಕು ಹಿಡಿದು ವಂದನಾರ್ಪಣೆ ಮಾಡುವ ಪದ್ಧತಿ. ಯಜಮಾನರಿಗೆ ಮೈಕು ಕಂಡರೆ ಗಂಟಲು ಕಟ್ಟುತ್ತದೆ. ನಾನೇ ಮೂರು ದಿನ ಕೂತು ಚೀಟಿ ಬರೆದೆ. ಅಯ್ಯನವರಿಗೆ ವಂದನೆ, ಹಾಡಿದವರಿಗೆ ವಂದನೆ, ಶಾಮಿಯಾನದವರಿಗೆ, ಹರವೆಯಿಂದ ಬಾಳೆಲೆ ಕಳಿಸಿದ ಗೌಡರಿಗೆ, ಮೂಟೆ ಈರುಳ್ಳಿ ಪುಕ್ಕಟೆ ಕೊಟ್ಟ ಮಂಡಿಯವರಿಗೆ, ಜನರೇಟರ್‌ನವನಿಗೆ ಕೂಡ. ಕರೆಂಟು ಹೋಗಲೇ ಇಲ್ಲ, ಅವನ ಜನರೇಟರ್ ಒಂದು ಗಳಿಗೆ ಓಡಲಿಲ್ಲ, ಆದರೂ ಅವನಿಗೊಂದು ವಂದನೆ.

ವಾರಗಿತ್ತಿಗೆ ಇಲ್ಲ. ಬೆಳಗಿನ ಜಾವದಿಂದ ಅಡುಗೆಮನೆಯಲ್ಲಿ ಮಸಾಲೆ ಅರೆಸುತ್ತಾ ನಿಂತಿದ್ದವಳು ಅವಳು. ನಾನು ಚೀಟಿ ಓದಲು ಶುರು ಮಾಡಿದಾಗ ಸೆರಗಿಗೆ ಕೈ ಒರೆಸಿಕೊಂಡು ಛತ್ರದ ಬಾಗಿಲಿಗೆ ಬಂದು ನಿಂತಳಂತೆ. ನನಗೆ ಕಾಣಲಿಲ್ಲ. ನನ್ನ ಕಣ್ಣು ಚೀಟಿಯ ಮೇಲಿತ್ತು. ಓದಿ ಮುಗಿಸಿದೆ, ಜನ ಚಪ್ಪಾಳೆ ತಟ್ಟಿದರು, ಅವಳು ತಿರುಗಿ ಒಳಗೆ ಹೋದಳು.

ಮುಂದಿನ ಬುಧವಾರ ನಮ್ಮ ಮನೆಯಲ್ಲಿ ಮನೆಪ್ರಾರ್ಥನೆ. ಹೆಂಗಸರೆಲ್ಲ ಚಾಪೆಯ ಮೇಲೆ ಕೂತು ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡುತ್ತಾ ಬಂದರು. ಅವಳ ಸರದಿ ಬಂತು. ಕಣ್ಣು ಮುಚ್ಚಿ ಶುರು ಮಾಡಿದಳು.

"ಕರ್ತನೇ, ನಮ್ಮಕ್ಕನಿಗೆ ಒಳ್ಳೆ ಸೊಸೇನ ಕೊಟ್ಟಿದ್ದೀಯ, ನಿನಗೆ ಸ್ತೋತ್ರ. ನಮ್ಮಕ್ಕನಿಗೆ ಇನ್ನೊಂದು ಕೊಡು ತಂದೆ. ಮಾಡ್ದೋರ ನೆನೆಯೋ ಬುದ್ಧಿ ಕೊಡು. ಓಡ್ದೆ ನಿಂತಿರೋ ಜನರೇಟರ್ನ ನೆನೆಯೋ ಕರುಳು, ಹಾಲು ಕೊಟ್ಟೋರನ್ನೂ ನೆನೆಯೋ ಹಂಗೆ ಮಾಡು ತಂದೆ."

ನನ್ನ ಮನೆಯಲ್ಲಿ, ನನ್ನ ಚಾಪೆಯ ಮೇಲೆ ಕೂತು! ಕಣ್ಣು ಮುಚ್ಚಿಕೊಂಡು ಬೈದರೆ ಎದುರಾಡುವ ಹಾಗಿಲ್ಲ. ದೇವರ ಹತ್ತಿರ ಮಾತಾಡುತ್ತಿರುವವಳ ಬಾಯಿ ಮುಚ್ಚಿಸುವುದು ಹೇಗೆ? ಒಂದು ಕಣ್ಣು ತೆರೆದು ನೋಡಿದೆ. ಅರ್ಧ ಜನ ಒಂದೊಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಆಮೆನ್ ಅಂದದ್ದೇ ಅಡುಗೆಮನೆಗೆ ಎದ್ದು ಹೋಗಿ ಎಲ್ಲರಿಗೂ ಕಾಫಿ ತಂದೆ. ಅವಳ ಲೋಟಕ್ಕೆ ಸಕ್ಕರೆ ಹಾಕಲಿಲ್ಲ. ಬೇಕು ಅಂತಲೇ ಹಾಕಲಿಲ್ಲ. ಅವಳು ಒಂದು ಗುಟುಕು ಕುಡಿದಳು, ನನ್ನ ಮುಖ ನೋಡಿದಳು, ಪೂರ್ತಿ ಕುಡಿದು ಲೋಟ ಕೆಳಗಿಟ್ಟು ಎದ್ದು ಹೋದಳು. ಅಲ್ಲಿಗೆ ಮಾತು ನಿಂತಿತು.

ಗಂಡಸರಿಗೆ ಇದು ತಗುಲಲೇ ಇಲ್ಲ. ಆರಾಧನೆ ಮುಗಿದ ಮೇಲೆ ಅಣ್ಣತಮ್ಮಂದಿರಿಬ್ಬರೂ ಹುಣಸೆಮರದ ಕೆಳಗೆ ನಿಂತು ಒಂದೇ ಟೀಯನ್ನು ಬೈಟು ಮಾಡಿ ಕುಡಿಯುತ್ತಿದ್ದರು. ನಾವಿಬ್ಬರು ಒಂದೊಂದು ಮೂಲೆಯಲ್ಲಿ ಚಪ್ಪಲಿ ಹುಡುಕುತ್ತಿದ್ದೆವು. ಮಗ ಟೆಂಪೋ ತಗೊಂಡು ಹೋಗುವಾಗ ಬೇಗೂರಲ್ಲಿ ಇಳಿದು ಚಿಕ್ಕಮ್ಮನ ಕೈಯ ಊಟ ಉಂಡು ಬರುತ್ತಿದ್ದ. ಮನೆಗೆ ಬಂದು "ಹಸಿವಿಲ್ಲ ಕಣವ್ವ" ಅಂದರೆ ನನಗೆ ಗೊತ್ತಾಗುತ್ತಿತ್ತು.

ತಿಂಗಳು ತಿಂಗಳು ನಾನು ದ್ರಾಕ್ಷಿ ಹಿಸುಕಿದೆ, ಸೋಸಿದೆ, ಬಾಟಲಿಗೆ ತುಂಬಿ ಮೇಜಿನ ಮೇಲಿಟ್ಟೆ. ಎಲ್ಲರೂ ಮುಂದೆ ಹೋದರು, ನಾನು ಕೂತೆ. ಅವಳೂ ಕೂತಳು, ಅದನ್ನೂ ಹೇಳಿಬಿಡಬೇಕು. ಎಡಗಡೆ ಬೆಂಚಿನಲ್ಲಿ ನಾನು, ಬಲಗಡೆ ಬೆಂಚಿನಲ್ಲಿ ಅವಳು. ಹಟದಲ್ಲಿ ಇಬ್ಬರೂ ಒಂದೇ ಸಮ.

ಮೂರನೇ ತಿಂಗಳು ಅಯ್ಯನವರು ಬಾಗಿಲಲ್ಲಿ ನನ್ನನ್ನು ತಡೆದರು. "ಏನಮ್ಮ, ಮಾಡೋರು ನೀವು, ನೀವೇ ಕುಡಿಯೋದು ಬೇಡವಾ?"

"ಅಡುಗೆ ಮಾಡಿದೋರೆಲ್ಲ ಉಣ್ಣಲೇಬೇಕಾ ಅಯ್ನೋರೆ? ನಾನು ಯೋಗ್ಯಳಲ್ಲ ಅಂತ ಕೂತಿದ್ದೀನಿ."

"ಯೋಗ್ಯರಿಗೆ ಮಾತ್ರ ಅಂದಿದ್ದರೆ ನೀವು ಅಷ್ಟು ದ್ರಾಕ್ಷಿ ತರೋದೇ ಬೇಕಿರಲಿಲ್ಲ. ನನಗೂ ಬಸ್ ಚಾರ್ಜು ಉಳೀತಿತ್ತು. ರಾಜಿ ಆಗಿ ಅಂದಿದ್ದು ನಾನು, ಕೂತಿರಿ ಅಂದಿಲ್ಲ."

"ಅವಳು ಬರಲಿ ಮೊದಲು."

ಅಯ್ಯನವರು ನಕ್ಕರು. "ಅವರನ್ನೂ ಕೇಳಿದೆ. ಅವರೂ ಇದೇ ಮಾತು ಹೇಳಿದರು," ಅಂದು ಬಸ್ಸಿಗೆ ಹೊರಟರು.

ನನಗೆ ಹೆದರಿಕೆ ಇರಲಿಲ್ಲ ಅಂತ ಅಂದುಕೊಳ್ಳಬೇಡಿ. ವಯಸ್ಸಾಗಿತ್ತು. ಹೀಗೇ ಒಂದು ದಿನ ಮಲಗಿದವಳು ಏಳದೇ ಹೋದರೆ, ಬಟ್ಟಲು ಮುಟ್ಟದೆ, ಅವಳ ಹತ್ತಿರ ಮಾತಾಡದೆ ಹೋದ ಹಾಗಾಗುತ್ತದೆ. ದೇವರು ಕೇಳಿದರೆ ಜನರೇಟರ್ ಕತೆ ಹೇಳಲಾ? ದಿನಾ ಬೆಳಗ್ಗೆ ಅವನಿಗೆ ನನ್ನ ವಂದನೆಯ ಪಟ್ಟಿ ಉದ್ದವೇ ಇತ್ತು. ನಲ್ಲಿಯಲ್ಲಿ ನೀರು ಬಂತು, ಸ್ತೋತ್ರ. ಟೆಂಪೋ ಘಾಟಿ ಇಳಿದು ಸುಖವಾಗಿ ಬಂತು, ಸ್ತೋತ್ರ. ದೇವರಿಗೆ ಹೇಳುವುದು ಸುಲಭ. ಅವನು ಎದುರು ನಿಂತು, ಈಗ ನೆನಪಾಯಿತೇನೆ ಅಂತ ಕೇಳುವುದಿಲ್ಲ. ಬೇಗೂರಿನವಳು ಕೇಳುತ್ತಾಳೆ.

ಅಷ್ಟರಲ್ಲಿ ಚಿಕನ್‌ಗುನ್ಯಾ ಬಂತು. ಆ ವರ್ಷ ಓಣಿ ಓಣಿಯೇ ಮಲಗಿತ್ತು. ಎದ್ದವರು ಗೋಡೆ ಹಿಡಿದು ನಡೆಯುತ್ತಿದ್ದರು. ನನಗೆ ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ಕೀಲು ಬಿಡಲಿಲ್ಲ. ಮಣಿಕಟ್ಟು ಊದಿ, ಲೋಟ ಎತ್ತಲು ಎರಡು ಕೈ ಬೇಕಾಗಿತ್ತು. ಒಂದು ದಿನ ಮಧ್ಯಾಹ್ನ ಮೈದುನ ಒಂದು ಟಿಫನ್ ಕ್ಯಾರಿಯರ್ ತಂದಿಟ್ಟ. ಹುರುಳಿ ಕಟ್ಟಿನ ಸಾರು, ಬೆಳ್ಳುಳ್ಳಿ ಒಗ್ಗರಣೆ. ಯಾರ ಕೈಯದು ಅಂತ ಮೂಗಿಗೆ ಗೊತ್ತಾಯಿತು. ಬಾಯಲ್ಲಿ ಕೇಳಲಿಲ್ಲ. ಕೇಳಿದರೆ ಕುಡಿಯುವ ಹಾಗಿರಲಿಲ್ಲ, ಬಿಟ್ಟರೆ ನಾಲಿಗೆ ಒಪ್ಪುತ್ತಿರಲಿಲ್ಲ. ಕುಡಿದೆ. ವಾರವೆಲ್ಲ ಕ್ಯಾರಿಯರ್ ಬಂತು. ವಾರವೆಲ್ಲ ಕುಡಿದೆ.

ಈ ಕೈಯಲ್ಲಿ ದ್ರಾಕ್ಷಿ ಹಿಸುಕುವ ಮಾತೇ ಇರಲಿಲ್ಲ. ಸೊಸೆಗೆ ನನಗಿಂತ ಜೋರು ಜ್ವರ. ಆ ತಿಂಗಳ ದ್ರಾಕ್ಷಾರಸ ಯಾರು ಮಾಡುತ್ತಾರೆ ಅಂತ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಭಾನುವಾರ ಮಗ ಟೆಂಪೋದಲ್ಲಿ ಕೂರಿಸಿಕೊಂಡು ಹೋಗಿ ಬೆಂಚಿನ ಮೇಲೆ ಇಳಿಸಿದ. ಮೇಜಿನ ಮೇಲೆ ಬಾಟಲಿ ಇತ್ತು. ಬಣ್ಣ ಚೆನ್ನಾಗಿಯೇ ಇತ್ತು.

ಮೊದಲು ಅಯ್ಯನವರು ಕುಡಿದರು. ಅವರ ಒಂದು ಹುಬ್ಬು ಮೇಲಕ್ಕೆ ಹೋಯಿತು. ಪಾಪ, ಹಾಗೇ ತಡೆದುಕೊಂಡು ಬಟ್ಟಲು ಒರೆಸಿ ಮೊದಲ ಸಾಲಿಗೆ ಕೊಟ್ಟರು. ಮೊದಲ ಸಾಲಿನವರು ಎದ್ದು ವಾಪಸ್ಸು ಬರುವಾಗ ಒಬ್ಬೊಬ್ಬರ ಮುಖವೂ ಹಸಿ ಹುಣಸೆಕಾಯಿ ಕಚ್ಚಿದ ಹಾಗೆ. ಭಕ್ತಿಯ ಮುಖ ಮಾಡಬೇಕು, ಆಗುತ್ತಿಲ್ಲ. ನಮ್ಮ ಯಜಮಾನರು ಹಲ್ಲಿಲ್ಲದ ಬಾಯನ್ನು ಒಳಕ್ಕೆ ಎಳೆದುಕೊಂಡು, ಒಂದು ಕಣ್ಣು ಮುಚ್ಚಿ, ಓಲಾಡುತ್ತಾ ಬಂದರು. ನನಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ನಗು ಹೊರಗೆ ಬಂತು. ಬಲಗಡೆ ತಿರುಗಿದೆ. ವಾರಗಿತ್ತಿ ತಲೆ ಬಗ್ಗಿಸಿ ಕೂತಿದ್ದಳು. ಕಿವಿ ಕೆಂಪಾಗಿತ್ತು. ಮಾಡಿದವಳು ಅವಳೇ ಅಂತ ಆಗ ಗೊತ್ತಾಯಿತು.

ನಗು ನಿಂತುಹೋಯಿತು. ಹದಿನಾರು ವರ್ಷದ ಹಿಂದೆ ನನ್ನ ಮೊದಲ ಬಾಟಲಿಯೂ ಹೀಗೇ ಆಗಿತ್ತು. ಆಗ ಅದನ್ನು ಮನೆಯಲ್ಲೇ ರುಚಿ ನೋಡಿ, ಸಕ್ಕರೆ ಇನ್ನೂ ಒಂದು ಹಿಡಿ ಬೇಕು ಕಣಕ್ಕ ಅಂದವಳು ಇವಳೇ. ಇವಳಿಗೆ ಹೇಳಲು ಯಾರಿದ್ದರು?

ಎದ್ದೆ. ಬೆಂಚಿನ ತುದಿ ಹಿಡಿದು, ಬಾಗಿದ ಬೆನ್ನಲ್ಲೇ ನಡುದಾರಿ ದಾಟಿ ಆ ಕಡೆಗೆ ಹೋದೆ. ಹಾಡು ನಡೆಯುತ್ತಿತ್ತು, ಆದರೆ ಹಾಡುವವರೆಲ್ಲ ಪುಸ್ತಕ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

"ಸಕ್ಕರೆ ಹಾಕ್ನಿಲ್ವೇನಮ್ಮಿ?" ಅಂದೆ. ಎಂಟು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು.

ಅವಳು ತಲೆ ಎತ್ತಲಿಲ್ಲ. "ನೀ ಕೊಟ್ಟ ಕಾಪಿಗೆ ನೀ ಹಾಕಿದ್ಯಾ?"

"ಇಲ್ಲ. ಬೇಕಂತಲೇ ಹಾಕ್ನಿಲ್ಲ."

"ನಾನು ಹಾಕಿದ್ದೀನಿ ಕಣಕ್ಕ. ಅಳತೆ ಗೊತ್ತಾಗ್ನಿಲ್ಲ, ಕುಡಿಯದೆ ಕೂತೋಳು ನಾಲಿಗೆಗೆ ಹೆಂಗಿಡ್ಲಿ ಅಂತ ರುಚೀನೂ ನೋಡ್ನಿಲ್ಲ. ನಿನ್ನ ಕೇಳನ ಅಂದ್ರೆ ಮಾತಿಲ್ಲ, ಕತೆಯಿಲ್ಲ." ಈಗ ತಲೆ ಎತ್ತಿದಳು. ಕಣ್ಣು ತುಂಬಿತ್ತು. "ನೋಡು, ಎಲ್ಲಾರ ಮೊಕ ನೋಡು. ನಾಚ್ಕೆ ಆಯ್ತದೆ."

ನಮ್ಮಿಬ್ಬರ ಜಗಳವನ್ನು ಇಡೀ ಸಭೆ ಕುಡಿಯುತ್ತಿತ್ತು. ಪಾಪ, ಅವರು ಮಾಡಿದ ತಪ್ಪೇನು?

ನಾನು ನಯವಾಗಿ ಮಾತಾಡಲು ಕಲಿತವಳಲ್ಲ. ಇದ್ದದ್ದನ್ನು ಹೇಳಿದೆ. "ನನ್ನ ಮಗ ಬದುಕಿದ್ದು ನಿನ್ನ ಹಾಲಲ್ಲಿ. ಚೀಟೀಲಿ ಬರೀಬೇಕಿತ್ತು. ಮನೆಯವಳು ಅಂತ ಬುಟ್ಬುಟ್ಟೆ. ಮೂವತ್ತು ವರ್ಷದ ಹಿಂದೇನೇ ಹೇಳ್ಬೇಕಿತ್ತು. ತಪ್ಪಾಯ್ತು ಕಣಮ್ಮಿ."

ಅವಳು ಸೆರಗಲ್ಲಿ ಮೂಗು ಒರೆಸಿಕೊಂಡಳು. "ನಾನೂ ದೇವ್ರ ನೆವ ಮಾಡ್ಕಂಡು ನಿನ್ನ ಬೈಬಾರ್ದಿತ್ತು. ಬುಡಕ್ಕ. ನಡಿ, ಓಗನ, ಅಯ್ನೋರು ಬಟ್ಲು ಹಿಡ್ಕಂಡು ನಿಂತವ್ರೆ."

ನಿಜವೇ. ಹಾಡು ಮುಗಿದು ಬಹಳ ಹೊತ್ತಾಗಿತ್ತು. ಅಯ್ಯನವರು ಬಟ್ಟಲು ಹಿಡಿದು ನಮ್ಮಿಬ್ಬರನ್ನೇ ಕಾಯುತ್ತಿದ್ದರು. ಹೊರಗೆ ಯಾವುದೋ ಲಾರಿ ಉದ್ದಕ್ಕೆ ಹಾರನ್ ಹೊಡೆಯಿತು.

ನನಗೆ ಮೊಣಕಾಲೂರಲು ಆಗಲಿಲ್ಲ. ಅವಳು ನನ್ನ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿಕೊಂಡಳು. ಅವಳೂ ಮೊಣಕಾಲೂರದೆ ನಿಂತೇ ಇದ್ದಳು. ಬಟ್ಟಲು ಹಿಡಿಯಲೂ ನನಗೆ ಬರಲಿಲ್ಲ, ಅಯ್ಯನವರೇ ತುಟಿಗೆ ಹಿಡಿದರು. ಹೊಟ್ಟೆಯ ತನಕ ಹುಳಿ ಇಳಿಯಿತು. ಹದಿನಾರು ವರ್ಷ ನನ್ನದೇ ಕೈಯ ಸಿಹಿ ಕುಡಿದು ನನ್ನನ್ನೇ ಮೆಚ್ಚಿಕೊಂಡಿದ್ದೆ. ಈ ಸಲ ಹಿಸುಕಿದ್ದು ನಾನಲ್ಲ, ಸೋಸಿದ್ದು ನಾನಲ್ಲ, ಎತ್ತಿ ಕುಡಿಯುವ ಶಕ್ತಿಯೂ ನನ್ನದಲ್ಲ. ಬಾಯಿ ತೆರೆದದ್ದೊಂದೇ ನಾನು ಮಾಡಿದ್ದು. ಅಯ್ಯನವರು ವರ್ಷಾನುಗಟ್ಟಲೆ ಕೃಪೆ ಕೃಪೆ ಅಂತ ಹೇಳುತ್ತಿದ್ದದ್ದು ಇದಕ್ಕೇ ಇರಬೇಕು. ನನಗೆ ಅರ್ಥವಾದದ್ದು ಅವತ್ತು.

"ಬಾಳಾ ಹುಳಿಯಾ?" ಅಂತ ಅವಳು ಕಿವಿಯಲ್ಲಿ ಕೇಳಿದಳು.

"ನೀನೂ ಕುಡೀತೀಯಲ್ಲ, ಗೊತ್ತಾಯ್ತದೆ ಸುಮ್ಕಿರು," ಅಂದೆ.

ಕುಡಿದಳು. ಅವಳ ಮುಖವೂ ಎಲ್ಲರ ಹಾಗೇ ಆಯಿತು.

ಮುಂದಿನ ಬುಧವಾರ ಮನೆಪ್ರಾರ್ಥನೆ ಬೇಗೂರಿನಲ್ಲಿ, ಅವಳ ಮನೆಯಲ್ಲಿ. ಮಗ ಟೆಂಪೋದಲ್ಲಿ ಇಳಿಸಿದ. ನನ್ನ ಸರದಿ ಬಂದಾಗ ನಾನೂ ಕಣ್ಣು ಮುಚ್ಚಿದೆ. "ಕರ್ತನೇ, ನಮ್ಮ ವಾರಗಿತ್ತಿಗೋಸ್ಕರ ನಿನಗೆ ವಂದನೆ. ಅವಳ ಹಾಲಿಗೆ ವಂದನೆ, ಹುರುಳಿ ಸಾರಿಗೆ ವಂದನೆ, ಮದುವೇಲಿ ಅರೆಸಿದ ಮಸಾಲೆಗೆ ವಂದನೆ. ದ್ರಾಕ್ಷಿಗೆ ಸಕ್ಕರೆ ಎಷ್ಟು ಹಾಕಬೇಕು ಅಂತ ನಾನೇ ಅವಳಿಗೆ ಹೇಳಿಕೊಡ್ತೀನಿ, ಆ ಕಷ್ಟ ನಿನಗೆ ಬೇಡ."

ಕಣ್ಣು ಮುಚ್ಚಿದವರೆಲ್ಲ ಕಿಸಕ್ಕೆಂದರು. ಎಲ್ಲರಿಗಿಂತ ಮೊದಲು ಆಮೆನ್ ಅಂದವಳು ಅವಳು. ಎದ್ದು ಹೋಗಿ ಕಾಫಿ ತಂದಳು. ನನ್ನ ಲೋಟಕ್ಕೆ ಎಷ್ಟು ಸಕ್ಕರೆ ಸುರಿದಿದ್ದಳು ಅಂದರೆ, ತಳದಲ್ಲಿ ಕರಗದೆ ಉಳಿದದ್ದನ್ನು ಬೆರಳಲ್ಲಿ ಬಳಿದು ತಿಂದೆ.