ಇಮ್ತಿಯಾಜನನ್ನು ಕೊಡುವ ಸಭೆ

ಜುಲೈ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ, ಇಂಗ್ಲೆಂಡಿನ ಲಫ್‌ಬರೋದ ಪಾರ್ಕು. ಹಾಜರಿದ್ದವರು: ನಮ್ಮ ಬೇಸ್‌ಬಾಲ್ ತಂಡದ ಒಂಬತ್ತು ಆಟಗಾರರು, ಸಾಲ್ಫರ್ಡ್ ತಂಡದ ನಾಯಕ ಪ್ರಶಾಂತ್, ಮತ್ತು ಕಾರ್ಯದರ್ಶಿಯಾದ ನಾನು. ಹಾಜರಿ ಬರೆಯದೆ ನನಗೆ ಯೋಚನೆಯೇ ಓಡದು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಡಾಕ್ಟರುಗಳ ರೋಟಾ, ಅಂದರೆ ಪಾಳಿಯ ಪಟ್ಟಿ, ಬರೆದ ಕೈ ಇದು. ನಿವೃತ್ತನಾದ ಮೇಲೆ ಹೆಂಡತಿಗೂ ಒಂದು ರೋಟಾ ಬರೆದುಕೊಟ್ಟೆ. ಅವಳು ಅದರಲ್ಲಿ ಕರಿಬೇವು ಸುತ್ತಿಟ್ಟಳು.

ಬೇಸ್‌ಬಾಲ್ ಏಕೆಂದು ಕೇಳಬೇಡಿ; ಕ್ರಿಕೆಟ್ ಮೈದಾನ ಸಿಗಲಿಲ್ಲ. ಸತತ ಆರು ಪಂದ್ಯ ಸೋತಿದ್ದೆವು. ಏಳನೆಯದೂ ಸೋತರೆ ತಂಡ ಮುಚ್ಚುವ ಮಾತಿತ್ತು. ಮುಚ್ಚಿದರೆ ಭಾನುವಾರ ನಾನು ಯಾರನ್ನು ಬೈಯಲಿ?

ಹಾಗಾಗಿ ಒಂದು ಉಪಾಯ ಹೂಡಿದೆ. ನಮ್ಮ ತಾರೆ ಹುಬ್ಬಳ್ಳಿಯ ಡಾಕ್ಟರ್ ಇಮ್ತಿಯಾಜ್. ಅವನು ಬೀಸಿ ಹೊಡೆದ ಚೆಂಡನ್ನು ಹುಡುಕಲು ಪಕ್ಕದ ಬೀದಿಗೆ ಹೋಗಬೇಕು. ಆದರೆ ಡ್ಯೂಟಿ ಮುಗಿಸಿ ಒಂದು ಗಂಟೆ ತಡವಾಗಿ ಬರುತ್ತಾನೆ, ಮೈದಾನದಲ್ಲಿ ನಿಂತೇ ತೂಕಡಿಸುತ್ತಾನೆ. ಅವನನ್ನು ಸಾಲ್ಫರ್ಡಿಗೆ ಕೊಟ್ಟು, ಸಮಯಕ್ಕೆ ಬರುವ ಇಬ್ಬರನ್ನು ತರೋಣವೆಂದೆ. ಅಮೆರಿಕದಲ್ಲಿ ಋತುವಿನ ನಡುವೆಯೇ ತಾರೆಗಳನ್ನು ಹೀಗೆ ಅದಲುಬದಲು ಮಾಡುತ್ತಾರಂತೆ. ನಮಗೇನೂ ಇದು ಹೊಸದಲ್ಲ. ಮಗಳನ್ನು ಕೊಟ್ಟು ಆ ಮನೆಯ ಮಗಳನ್ನೇ ಸೊಸೆಯಾಗಿ ತರುವ ಸಾಟಿ ಮದುವೆಗಳನ್ನು ನಾನೇ ಕಂಡಿದ್ದೇನೆ. ಅಲ್ಲಿಯೂ ಹೋಗುವವರನ್ನು ಯಾರೂ ಕೇಳುತ್ತಿರಲಿಲ್ಲ.

ಇಮ್ತಿಯಾಜ್ ಮಾತ್ರ ತನ್ನ ಬೀಳ್ಕೊಡುಗೆಗೆಂದು ಒಂದು ಪಾತ್ರೆ ಶಾವಿಗೆ ಖೀರು ತಂದಿದ್ದ.

“ಅಂಕಲ್, ನನ್ನ ಮಾರಾಕತ್ತೀರೇನ್ರಿ?”

“ಮಾರಾಟವಲ್ಲಪ್ಪ, ವಿನಿಮಯ.”

ಪ್ರಶಾಂತ್ ಗಂಟಲು ಸರಿಮಾಡಿಕೊಂಡ. “ಸರ್, ಸ್ಟಾರ್‌ಗಳು ನಮ್ಮಲ್ಲೇ ನಾಲ್ಕು ಜನ ಇದ್ದಾರೆ. ಹತ್ತು ಗಂಟೆ ಅಂದ್ರೆ ಹನ್ನೊಂದಕ್ಕೆ ಟ್ರಾಮಿಂದ ಇಳೀತಾರೆ. ಬೈದು ಟೈಮಿಗೆ ಕರೆಸೋರಿಲ್ಲ. ನೀವು ಕೇಳಿದ ಇಬ್ಬರನ್ನ ಕೊಡ್ತೀನಿ, ಆದ್ರೆ ಬದಲಿಗೆ ನಮಗೆ ಬೇಕಿರೋದು ನೀವು.”

ನಾನು ಬರೆಯುವುದನ್ನು ನಿಲ್ಲಿಸಿದೆ.

ನಮ್ಮ ನಾಯಕಿ, ಮೈಸೂರಿನ ಸುಮಾ, ಒಮ್ಮೆಲೇ ಚುರುಕಾದಳು. “ಒಬ್ಬ ಅಂಕಲ್‌ಗೆ ಇಬ್ಬರು ಫೀಲ್ಡರ್! ಬೇಜಾರ್ ಮಾಡ್ಕೋಬೇಡಿ ಅಂಕಲ್, ಒಳ್ಳೆ ಡೀಲ್ ಅಲ್ವಾ? ಕೈ ಎತ್ರೋ!”

ಎಂಟು ಕೈಗಳು ಮೇಲೆದ್ದವು. ಆರು ಪಂದ್ಯಗಳಲ್ಲಿ ಆ ತಂಡ ಅಷ್ಟು ಒಗ್ಗಟ್ಟಾಗಿ ಏನನ್ನೂ ಮಾಡಿರಲಿಲ್ಲ. ಇಮ್ತಿಯಾಜ್ ಒಬ್ಬನೇ ಕೈ ಕಟ್ಟಿ ನಿಂತಿದ್ದ. “ಅಂಕಲ್‌ನ ಕೊಡಬ್ಯಾಡ್ರಿ. ವಾರ್ಡಿನ್ಯಾಗ ಎಲ್ಲಾರೂ ನನಗ ಸರ್ ಸರ್ ಅಂತಾರ. ಇಲ್ಲಿ ಇವರೊಬ್ಬರಾದ್ರೂ ಬೈತಿದ್ರು.”

ಯಾರನ್ನು ಕಳುಹಿಸಲು ಸಭೆ ಕರೆದಿದ್ದೆನೋ ಅವನೊಬ್ಬನೇ ನನ್ನ ಕಡೆಗಿದ್ದ. ಸೋಲುವ ತಂಡದಲ್ಲಿ ಯಾರು ಬೇಡವೆಂದು ಪಟ್ಟಿ ಮಾಡುವವನು ತನ್ನ ಹೆಸರಿಗೂ ಒಂದು ಸಾಲು ಬಿಡುವುದು ಲೇಸು. ಆದರೆ ಬಹುಮತ ಬಹುಮತವೇ. ಎದುರಾಡಲಿಲ್ಲ; ಖೀರು ಕುಡಿದೆ. ಬೀಳ್ಕೊಡುಗೆ ಹೇಗೂ ನಡೆಯುತ್ತಿತ್ತಲ್ಲ.

“ಮುಂದಿನ ವಾರ ನಿಧಾನಕ್ಕೆ ಬನ್ನಿ ಸರ್,” ಎಂದ ಪ್ರಶಾಂತ್.

“ಎಂಟೂವರೆಗೆ ಬರುತ್ತೇನೆ. ನೀನು ಎಂಟೂಕಾಲಿಗೆ ಅಲ್ಲಿರಬೇಕು.”

ಅವನು ಸುಮಾಳ ಮುಖ ನೋಡಿದ. ಅವಳು ಆಗಲೇ ಹೊಸ ಫೀಲ್ಡರುಗಳ ಹೆಸರು ಕೇಳುತ್ತಿದ್ದಳು. ನಾನು ಸಭೆಯ ನಡಾವಳಿಗೆ ಸಹಿ ಹಾಕಿ, ಪುಟ ತಿರುಗಿಸಿ, ಸಾಲ್ಫರ್ಡ್ ತಂಡದ ರೋಟಾ ಬರೆದು ಮುಗಿಸಿದೆ.